ಗುಮಾಸ್ತನ ಚಿತ್ರಕಥೆ: ಹಾರ್ವಿ ಪೀಕಾರನನ್ನು ಓದುತ್ತ

ಈ ಸಲದ ಸಂಚಿಕೆಗೆ ಒಂದು ವಿಮರ್ಶೆ ಕೊಡಿ ಎಂದು ಸಂಪಾದಕರು ಕೇಳಿದಾಗ ಒಪ್ಪಿಕೊಳ್ಳಲು ಹಿಂಜರಿದೆ. ವಿಮರ್ಶೆ ಬರೆಯುವಷ್ಟು ಓದು ನನ್ನದಲ್ಲ. ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವನು, ಇಪ್ಪತ್ತು ವರ್ಷ ಕಳೆದರೂ ಅಲ್ಲೇ ಇದ್ದೇನೆ. ಆದರೆ ಒಂದು ಪುಸ್ತಕ ಕೆಲವು ಸಮಯದಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಅದು ಕಾವ್ಯವಲ್ಲ, ಕಾದಂಬರಿಯೂ ಅಲ್ಲ, ಕಾಮಿಕ್ಸ್. ಹಾಗೆಂದಾಗ ಸಂಪಾದಕರು, "ಹಾಗಾದರೆ ಮಕ್ಕಳ ವಿಭಾಗಕ್ಕೆ ಹಾಕುವುದಾ?" ಎಂದರು. "ಅಲ್ಲ, ಗುಮಾಸ್ತರ ವಿಭಾಗ ಅಂತ ಒಂದು ಉಂಟಾದರೆ ಅದಕ್ಕೆ ಹಾಕಿ" ಎಂದೆ. ಅವರು ನಕ್ಕರು. ನಾನು ಮಾತ್ರ ತಮಾಷೆಗೆ ಹೇಳಿದ್ದಲ್ಲ.

ಗಡಿನಾಡಿನಲ್ಲಿ ಬೆಳೆದ ನನ್ನ ಪ್ರಾಯದವರು ಚಿತ್ರಕಥೆಯನ್ನು ಎರಡು ಲಿಪಿಗಳಲ್ಲಿ ಓದಿದವರು. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಆದರೆ ಮಲಯಾಳದ ಅಕ್ಷರಗಳು ಕೈಗೆ ಹತ್ತಿದ್ದು ಪಾಠಪುಸ್ತಕದಿಂದಲ್ಲ, 'ಬಾಲರಮ'ದ ಮಾಯಾವಿಯಿಂದ. ಈಟಿಯ ಮೇಲೆ ಕುಳಿತು ಹಾರುವ ಲುಟ್ಟಾಪಿ ಏನು ಹೇಳುತ್ತಾನೆ ಎಂದು ತಿಳಿಯುವ ಆಸೆಯಿಂದ ಅಕ್ಷರ ಕೂಡಿಸಿ ಓದಿದೆ. ನೆರೆಮನೆಗೆ ಬರುತ್ತಿದ್ದ 'ಮನೋರಮ' ವಾರಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುವುದು ವಾಡಿಕೆ; ಅಲ್ಲಿ ಟೋಮ್ಸ್ ಅವರ 'ಬೋಬನುಂ ಮೋಳಿಯುಂ' ಇರುತ್ತಿತ್ತು. ಗುಜರಿ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಬಿದ್ದಿದ್ದ ಹಳೆಯ ಇಂದ್ರಜಾಲ ಕಾಮಿಕ್ಸ್‌ಗಳಲ್ಲಿ ಫ್ಯಾಂಟಮ್ ಸಿಗುತ್ತಿದ್ದ. ಆ ಮಾಲೆ 1990ರಲ್ಲಿ ನಿಂತುಹೋಯಿತು. ಹೈಸ್ಕೂಲಿಗೆ ಬರುವಾಗ ನಾನೂ ನಿಲ್ಲಿಸಿದೆ. ಸಾಹಿತ್ಯ ಓದುವವನು ಕಾಮಿಕ್ಸ್ ಓದುವುದೇ ಎಂಬ ನಾಚಿಕೆ.

ಹಾಗೆ ಬಿಟ್ಟದ್ದನ್ನು ಮತ್ತೆ ಕೈಗೆತ್ತಿಕೊಂಡದ್ದು ಬೆಂಗಳೂರಿನ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ. ಯಾವುದೋ ಮದುವೆಗೆಂದು ಹೋದವನು ಬಸ್ಸಿಗೆ ಸಮಯವಿದೆಯೆಂದು ಒಳಗೆ ಹೊಕ್ಕೆ. ಒಂದು ದಪ್ಪ ಪುಸ್ತಕ, ಕಪ್ಪು ಬಿಳುಪು ಚಿತ್ರಗಳು. ತೆರೆದ ಪುಟದಲ್ಲಿ ಕ್ಷೌರ ಮಾಡದ ಒಬ್ಬ ಮನುಷ್ಯ ಅಂಗಡಿಯ ಸಾಲಿನಲ್ಲಿ ನಿಂತು ಗೊಣಗುತ್ತಿದ್ದ. ಮುಂದಿನ ಪುಟದಲ್ಲಿಯೂ ಅದೇ ಸಾಲು, ಅದೇ ಗೊಣಗು. ಇದರಲ್ಲಿ ಕಥೆ ಎಲ್ಲಿದೆ ಎಂದು ನೋಡುತ್ತ ಕೊನೆಯ ತನಕ ಓದಿದೆ, ಪುಸ್ತಕವನ್ನು ಕೊಂಡುಕೊಂಡೆ. ಅದು ಹಾರ್ವಿ ಪೀಕಾರನ 'ಅಮೆರಿಕನ್ ಸ್ಪ್ಲೆಂಡರ್'. ಅವನು ಒಂದು ಆಸ್ಪತ್ರೆಯ ಗುಮಾಸ್ತನಾಗಿದ್ದನೆಂದು ಆಮೇಲೆ ತಿಳಿಯಿತು.

ಪೀಕಾರ್ ಹುಟ್ಟಿದ್ದು 1939ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ತಂದೆತಾಯಿ ಪೋಲೆಂಡಿನಿಂದ ಬಂದ ಯಹೂದಿಗಳು. ಮನೆಯ ಮಾತು ಯಿಡ್ಡಿಶ್, ಬೀದಿಯ ಮಾತು ಇಂಗ್ಲಿಷ್. ತಂದೆ ಧರ್ಮಗ್ರಂಥಗಳನ್ನು ಬಲ್ಲವರು. ಹೊಟ್ಟೆಪಾಡಿಗೆ ಇಟ್ಟದ್ದು ಕಿರಾಣಿ ಅಂಗಡಿ. ಹುಡುಗ ಕಾಮಿಕ್ಸ್ ಓದುತ್ತಿದ್ದ. ಎಲ್ಲವೂ ಒಂದೇ ಅಚ್ಚಿನವು ಎನಿಸಿ ಬೇಗ ಬಿಟ್ಟ. ಅನಂತರ ಹಿಡಿದದ್ದು ಜಾಝ್ ಸಂಗೀತದ ಹುಚ್ಚು. ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕುವುದೇ ಬದುಕಾಯಿತು. ಇಪ್ಪತ್ತರ ಪ್ರಾಯದಲ್ಲೇ ಜಾಝ್ ವಿಮರ್ಶೆ ಬರೆಯತೊಡಗಿದ. 1960ರ ದಶಕದ ನಡುವಿನಲ್ಲಿ, ನಿವೃತ್ತ ಸೈನಿಕರಿಗಾಗಿ ಸರಕಾರ ನಡೆಸುವ ಆಸ್ಪತ್ರೆಯಲ್ಲಿ ಕಡತದ ಗುಮಾಸ್ತನ ಕೆಲಸ ಸಿಕ್ಕಿತು. 2001ರಲ್ಲಿ ನಿವೃತ್ತನಾಗುವ ತನಕವೂ ಅದೇ ಕೆಲಸ. ಬಡ್ತಿ ಬೇಡವೆಂದ.

1962ರಲ್ಲಿ ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರ ಶುಭಾಶಯ ಪತ್ರಗಳ ಕಂಪೆನಿಯೊಂದರ ನೌಕರಿಗೆಂದು ಕ್ಲೀವ್‌ಲ್ಯಾಂಡಿಗೆ ಬಂದ. ಅವನಿಗೂ ಹಳೆಯ ತಟ್ಟೆಗಳ ಹುಚ್ಚು. ತಟ್ಟೆಗಳಿಂದ ಬೆಳೆದ ಆ ಸ್ನೇಹವೇ ಪೀಕಾರನನ್ನು ಮತ್ತೆ ಚಿತ್ರಕಥೆಯ ಕಡೆ ತಿರುಗಿಸಿತು. ಮುಂದೆ ಕ್ರಂಬ್ ಸಾನ್‌ಫ್ರಾನ್ಸಿಸ್ಕೊದ ಭೂಗತ ಕಾಮಿಕ್ಸ್ ಚಳವಳಿಯಲ್ಲಿ ದೊಡ್ಡ ಹೆಸರು ಮಾಡಿದ. ಪೀಕಾರನಿಗೆ ಒಂದು ಪ್ರಶ್ನೆ ಹೊಳೆಯಿತು: ಚಿತ್ರ ಮತ್ತು ಮಾತು ಎರಡೂ ಕೈಯಲ್ಲಿರುವ ಈ ಮಾಧ್ಯಮ ಹಾರುವ ವೀರರಿಗೂ ಮಾತಾಡುವ ಪ್ರಾಣಿಗಳಿಗೂ ಮಾತ್ರ ಏಕೆ ಮೀಸಲಾಗಿರಬೇಕು? 1972ರಲ್ಲಿ ಕೆಲವು ಕಥೆಗಳನ್ನು ಕಡ್ಡಿಮನುಷ್ಯರ ಗೀಟುಗಳಲ್ಲಿ ಬರೆದು ಕ್ರಂಬನಿಗೆ ತೋರಿಸಿದ. ಇವುಗಳಿಗೆ ನಾನು ಚಿತ್ರ ಬರೆಯುತ್ತೇನೆ ಎಂದ ಕ್ರಂಬ್. ಪೀಕಾರನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಕೊನೆಯವರೆಗೂ ಬರಲಿಲ್ಲ.

1976ರ ಮೇ ತಿಂಗಳಲ್ಲಿ 'ಅಮೆರಿಕನ್ ಸ್ಪ್ಲೆಂಡರ್' ಮೊದಲ ಸಂಚಿಕೆ ಹೊರಬಂತು. ಬರೆದವನು, ಪ್ರಕಾಶಕ, ಹಣ ಹಾಕಿದವನು, ಮೂವರೂ ಒಬ್ಬನೇ. ವರ್ಷಕ್ಕೆ ಒಂದರಂತೆ ಮೊದಲ ಹದಿನೈದು ಸಂಚಿಕೆಗಳನ್ನು ಅವನೇ ತಂದ. ಈ ವಾರ್ಷಿಕವನ್ನು ಓದುವವರಿಗೆ 'ವರ್ಷಕ್ಕೊಂದು ಸಂಚಿಕೆ' ಎಂಬ ಮಾತಿನ ಹಿಂದೆ ಏನೆಲ್ಲ ಇರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅವನ ಒಂದು ಕಥೆಯ ಶೀರ್ಷಿಕೆಯಲ್ಲೇ ಇಡೀ ಲೆಕ್ಕಪತ್ರವಿದೆ. ತಟ್ಟೆ ಕೂಡಿಹಾಕುವ ಚಟವನ್ನು ತಾನು ಹೇಗೆ ಬಿಟ್ಟೆ, ಅದರಿಂದ ಉಳಿದ ಹಣದಲ್ಲಿ ಹೇಗೆ ಕಾಮಿಕ್ಸ್ ಪುಸ್ತಕ ಹೊರತಂದೆ ಎಂಬುದು ಅದರ ಅರ್ಥ. 1979ರ ನಾಲ್ಕನೆಯ ಸಂಚಿಕೆಯಲ್ಲಿ ಬಂದದ್ದು, ಚಿತ್ರ ಕ್ರಂಬನದು. ನನ್ನ ಮಟ್ಟಿಗೆ ಪೀಕಾರನನ್ನು ಅರ್ಥ ಮಾಡಿಕೊಳ್ಳುವ ಬೀಗದ ಕೈ ಇದೇ. ಅಭಿಮಾನಿ ಲೇಖಕನಾಗುವುದು ಪ್ರತಿಭೆ ಚಿಮ್ಮಿದಾಗ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ, ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕಿದಾಗ ಎನ್ನುತ್ತಾನೆ ಪೀಕಾರ್. ಕೂಡಿಹಾಕುವ ಕೈಯೇ ಕೊಡುವ ಕೈಯಾಗಬೇಕು. ಬ್ಯಾಂಕಿನವನಾದ ನನಗೆ ಈ ಭಾಷೆ ಬೇಗ ಅರ್ಥವಾಗುತ್ತದೆ.

ಇಲ್ಲಿ ಒಂದು ಹೋಲಿಕೆಯನ್ನು ಹೇಳಲೇಬೇಕು. ಸೂಪರ್‌ಮ್ಯಾನನ ಹುಟ್ಟೂರೂ ಕ್ಲೀವ್‌ಲ್ಯಾಂಡೇ. ಅವನನ್ನು ಕಲ್ಪಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಆ ಊರಿನ ಶಾಲಾ ಹುಡುಗರು, ವಿಜ್ಞಾನಕಥೆಗಳ ಕಡು ಅಭಿಮಾನಿಗಳು, ತಾವೇ ಕೈಯಾರೆ ಪತ್ರಿಕೆ ಮಾಡಿದವರು. 1938ರಲ್ಲಿ ಅವರು ಸೂಪರ್‌ಮ್ಯಾನನ ಹಕ್ಕುಗಳನ್ನು ಪ್ರಕಾಶಕರಿಗೆ ಬಿಟ್ಟುಕೊಟ್ಟರು. ಸಿಕ್ಕಿದ್ದು 130 ಡಾಲರ್. ದಶಕಗಳ ಕೋರ್ಟು ಹೋರಾಟ, ಬಡತನಗಳ ಬಳಿಕ 1975ರ ಡಿಸೆಂಬರಿನಲ್ಲಿ ಕಂಪೆನಿ ಅವರಿಗೆ ವರ್ಷಕ್ಕೆ ತಲಾ 20,000 ಡಾಲರ್ ಕೊಡಲು ಒಪ್ಪಿತು, ಅವರ ಹೆಸರನ್ನು ಮತ್ತೆ ಅಚ್ಚು ಹಾಕಿತು. ಅದಾಗಿ ಐದು ತಿಂಗಳಿಗೆ ಅದೇ ಊರಿನಿಂದ 'ಅಮೆರಿಕನ್ ಸ್ಪ್ಲೆಂಡರ್' ಬಂತು. ಆ ಹುಡುಗರಿಗೆ ಕಲ್ಪನೆಯಿತ್ತು, ಒಡೆತನ ಉಳಿಯಲಿಲ್ಲ. ಪೀಕಾರನ ಕಥೆಯಲ್ಲಿ ಹಾರುವವರು ಯಾರೂ ಇಲ್ಲ, ಆದರೆ ಅದರ ಪ್ರತಿಯೊಂದು ಪುಟ ಅವನದೇ. ಸ್ವತಂತ್ರ ಎಂಬ ಮಾತಿಗೆ ನಾವು ಕೊಡುವ ಭಾವುಕ ಅರ್ಥಗಳನ್ನು ಬದಿಗಿಟ್ಟರೆ ಉಳಿಯುವುದು ಎರಡು ಪ್ರಶ್ನೆ: ಅಚ್ಚಿನ ಹಣ ಯಾರದು? ಹಕ್ಕು ಯಾರದು?

ಚಿತ್ರ ಬರೆಯಲು ಬಾರದವನು ಚಿತ್ರಕಥೆಯ ಕರ್ತೃವಾಗುವುದು ಹೇಗೆ ಎಂದು ಕೆಲವರು ಕೇಳಬಹುದು. ತಾಳಮದ್ದಳೆ ಕೇಳಿ ಬೆಳೆದ ನಮಗೆ ಈ ಪ್ರಶ್ನೆ ಕಷ್ಟದ್ದಲ್ಲ. ಪ್ರಸಂಗಕರ್ತ ಪದ್ಯ ಬರೆದಿಡುತ್ತಾನೆ. ಅದೇ ಕರ್ಣ ಒಬ್ಬ ಅರ್ಥಧಾರಿಯ ಬಾಯಲ್ಲಿ ಹತಾಶ, ಇನ್ನೊಬ್ಬನ ಬಾಯಲ್ಲಿ ಹಠಮಾರಿ. ಪೀಕಾರನ ಕಥೆಗಳಲ್ಲಿ ನಡೆಯುವುದೂ ಇದೇ. ಚೌಕಗಳ ಹಂಚಿಕೆ, ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಮಾತಿಲ್ಲದೆ ಒಂದು ಚೌಕ ಖಾಲಿ ಹೋಗಬೇಕು ಎಂಬುದನ್ನೆಲ್ಲ ಅವನು ಕಡ್ಡಿಮನುಷ್ಯರಲ್ಲಿ ಬರೆದು ಕೊಡುತ್ತಾನೆ. ಕ್ರಂಬ್ ಬರೆದ ಹಾರ್ವಿ ಬೆವರುವ, ಕೆರಳಿದ, ಬೆನ್ನು ಬಾಗಿದ ಮನುಷ್ಯ. ಗ್ಯಾರಿ ಡಮ್ ಬರೆದ ಹಾರ್ವಿ ಪಕ್ಕದ ಮನೆಯವನ ಹಾಗೆ ಸರಳ. ಫ್ರಾಂಕ್ ಸ್ಟ್ಯಾಕನ ಗೀಟುಗಳಲ್ಲಿ ಅವನು ಕರಗಿಹೋಗುವವನ ಹಾಗೆ ತೆಳು. ಇವರಲ್ಲಿ ನಿಜವಾದ ಹಾರ್ವಿ ಯಾರು? ಎಲ್ಲರೂ. ಮುಖ ಬದಲಾದರೂ ಮಾತಿನ ಲಯ ಬದಲಾಗುವುದಿಲ್ಲ. ಅದೇ ಅವನ ಕರ್ತೃತ್ವದ ಸಾಕ್ಷಿ.

ಆ ಮಾತೂ ಪುಸ್ತಕದ ಇಂಗ್ಲಿಷ್ ಅಲ್ಲ. ಕ್ಲೀವ್‌ಲ್ಯಾಂಡಿನ ಬೀದಿಯಲ್ಲಿ, ಆಸ್ಪತ್ರೆಯ ಓಣಿಯಲ್ಲಿ ಜನ ಆಡುವ ಹಾಗೆ ಅಕ್ಷರ ನುಂಗಿ, ಕೊನೆ ಕತ್ತರಿಸಿ ಬರೆದದ್ದು. ಕರಿಯ ಸಹೋದ್ಯೋಗಿ ಮಿಸ್ಟರ್ ಬೋಟ್ಸ್‌ನ ಮಾತಿಗೆ ಒಂದು ಧಾಟಿ, ಯಹೂದಿ ಮುದುಕಿಯ ಮಾತಿಗೆ ಇನ್ನೊಂದು. ಒಂದು ಕಥೆಯಲ್ಲಿ ಹಾರ್ವಿ ಅಂಗಡಿಯ ಸಾಲಿನಲ್ಲಿ ಅಂಥ ಮುದುಕಿಯ ಹಿಂದೆ ನಿಲ್ಲುತ್ತಾನೆ. ನಾನು ಬೆಂಗಳೂರಿನಲ್ಲಿ ಮೊದಲು ಓದಿದ್ದು ಇದನ್ನೇ. ಆಕೆ ಬೆಲೆಯ ಬಗ್ಗೆ ತಕರಾರು ತೆಗೆಯುತ್ತಾಳೆ, ಸಾಲು ನಿಲ್ಲುತ್ತದೆ, ಅವನ ರಕ್ತ ಕುದಿಯುತ್ತದೆ. ಅವಳೂ ತನ್ನವಳೇ, ಆ ಜಿಪುಣತನ ತನ್ನ ಮನೆಯದೇ ಎಂದು ಅವನಿಗೆ ಗೊತ್ತು. ಕೋಪ ಮತ್ತು ಬಂಧುತ್ವ ಒಂದೇ ಚೌಕದೊಳಗೆ ಇರುತ್ತವೆ. ಅವನು ಸಾಲಿನಲ್ಲಿ ನಿಂತು ಕಂಡದ್ದನ್ನು ನಾನು ಇಪ್ಪತ್ತು ವರ್ಷ ಸಾಲಿನ ಆಚೆಯಿಂದ ಕಂಡಿದ್ದೇನೆ. ಒಂದು ದಿನವೂ ಬರೆಯಲಿಲ್ಲ.

ನನಗೆ ಅತ್ಯಂತ ಮುಖ್ಯವೆನಿಸಿದ್ದು ಇನ್ನೊಂದು ಕಥೆ. ಚಿಕ್ಕದು. ಹಾರ್ವಿ ಬೆಳಿಗ್ಗೆ ಬ್ರೆಡ್ ತರಲು ಹೋಗುತ್ತಿದ್ದಾನೆ. ದಾರಿಯಲ್ಲಿ ಯೋಚನೆ: ದೊಡ್ಡ ಪ್ರಕಾಶಕನೊಬ್ಬ ಬಂದು ಸಾಕಷ್ಟು ಹಣ ಕೊಟ್ಟರೆ, ನೌಕರಿ ಬಿಟ್ಟು ಬರೆಯುತ್ತಲೇ ಕುಳಿತುಕೊಳ್ಳಬಹುದಾದರೆ ಏನಾಗುತ್ತದೆ? ಜನರ ನಡುವೆ ನಿತ್ಯ ಇರುವುದು ತಪ್ಪಿದರೆ ಬರೆಯಲು ಉಳಿಯುವುದೇನು? ಉತ್ತರ ಸಿಗುವುದಿಲ್ಲ. ಕೊನೆಗೆ ಕೈಯಲ್ಲಿರುವ ಹೊಸ ಬ್ರೆಡ್ಡಿನ ವಾಸನೆ ಮೂಗಿಗೆ ಬರುತ್ತದೆ, ಅಷ್ಟೇ. ನೌಕರಿಯೆಂದರೆ ಸಾಹಿತ್ಯದ ಶತ್ರು ಎಂದು ನಾವೆಲ್ಲ ಹೇಳಿಕೊಳ್ಳುತ್ತ ಬಂದವರು. ಪೀಕಾರನಿಗೆ ಅದು ಅಚ್ಚಿನ ಬಂಡವಾಳ. ಅದೇ ವಸ್ತು, ಅದೇ ಭಾಷೆ. ಶತ್ರುವೂ ಹೌದು, ಇಲ್ಲವೆನ್ನುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದದ್ದರಿಂದಲೇ ಅವನ ಗೊಣಗು ಸಾಹಿತ್ಯವಾಯಿತು ಎಂದು ನನ್ನ ತಿಳುವಳಿಕೆ.

ಹಾಗೆಂದು ಎಲ್ಲವೂ ಒಂದೇ ಮಟ್ಟದ್ದಲ್ಲ. ತನ್ನನ್ನು ಜನ ಗುರುತಿಸಲಿಲ್ಲ, ವಿಮರ್ಶಕರು ಕಡೆಗಣಿಸಿದರು ಎಂದು ದೂರುವ ಕಥೆಗಳು ಬಳಲಿಸುತ್ತವೆ. ಮರೆತುಹೋದ ಲೇಖಕರ ಬಗ್ಗೆ ಉಪನ್ಯಾಸ ಕೊಡುವಾಗ ಚಿತ್ರಗಳಿಗೆ ಕೆಲಸವೇ ಇರುವುದಿಲ್ಲ; ಮಾತಿನ ಗುಳ್ಳೆಗಳು ಪಾತ್ರಗಳನ್ನು ಚೌಕದ ಮೂಲೆಗೆ ತಳ್ಳುತ್ತವೆ. ಏನೂ ನಡೆಯದ ಕಥೆಗಳಲ್ಲಿ ಅವನು ಗೆಲ್ಲುತ್ತಾನೆ. ಏನೋ ಸಾಧಿಸಲು ಹೊರಟಲ್ಲಿ ಸೋಲುತ್ತಾನೆ. 1980ರ ದಶಕದಲ್ಲಿ ಡೇವಿಡ್ ಲೆಟರ್‌ಮನ್‌ನ ಟಿ.ವಿ. ಕಾರ್ಯಕ್ರಮಕ್ಕೆ ಅವನನ್ನು ಮತ್ತೆ ಮತ್ತೆ ಕರೆದರು. ನಗುವುದಕ್ಕೆ ಒಬ್ಬ ವಿಚಿತ್ರ ಗುಮಾಸ್ತ ಬೇಕಾಗಿದ್ದ. 1988ರಲ್ಲಿ ಆ ಚಾನೆಲಿನ ಒಡೆಯರಾಗಿದ್ದ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ವಿರುದ್ಧ ಅದೇ ವೇದಿಕೆಯಲ್ಲಿ ಮಾತಾಡಿ ಜಗಳ ಮಾಡಿಕೊಂಡ. ಧೈರ್ಯದ ಕೆಲಸ ನಿಜ. ಆದರೆ ಅಲ್ಲಿ ಮಾತಾಡಿದ್ದು ಕಥೆಗಾರನಲ್ಲ, ಕೆರಳಿದ ಅತಿಥಿ. ಅವನ ನಿಜವಾದ ಪ್ರತಿಭಟನೆ ವರ್ಷಕ್ಕೊಮ್ಮೆ ಮನೆಯಿಂದ ಹೊರಡುತ್ತಿದ್ದ ಆ ಸಂಚಿಕೆಯೇ.

1986ರಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆ ಅವನ ಕಥೆಗಳ ಸಂಕಲನ ತಂದಿತು. ಮರುವರ್ಷ ಅದಕ್ಕೆ ಅಮೆರಿಕನ್ ಬುಕ್ ಅವಾರ್ಡ್ ಬಂತು. ಅವನು ನೌಕರಿ ಬಿಡಲಿಲ್ಲ. 1990ರಲ್ಲಿ ಕ್ಯಾನ್ಸರ್ ಬಂತು. ಆ ವರ್ಷದ ಕಥೆಯನ್ನು ಹೆಂಡತಿ ಜಾಯ್ಸ್ ಬ್ರಾಬ್ನರ್ ಜೊತೆಗೂಡಿ ಬರೆದ, ಸ್ಟ್ಯಾಕ್ ಚಿತ್ರ ಬರೆದ, 1994ರಲ್ಲಿ ಪುಸ್ತಕವಾಯಿತು. ಅಲ್ಲಿ ರೋಗಿ ವೀರನಲ್ಲ. ಹೆದರುತ್ತಾನೆ, ರೇಗುತ್ತಾನೆ, ನೋಡಿಕೊಳ್ಳುವವಳು ಸೋಲುತ್ತಾಳೆ. ಇಷ್ಟು ನಿಷ್ಠುರವಾದ ರೋಗದ ಬರಹ ನಾನು ಹೆಚ್ಚು ಓದಿಲ್ಲ. 2003ರಲ್ಲಿ ಅವನ ಬದುಕು ಸಿನಿಮಾ ಆಯಿತು. ಪಾಲ್ ಜಿಯಾಮಾಟಿ ಹಾರ್ವಿಯಾಗಿ ನಟಿಸಿದ. ನಿಜವಾದ ಹಾರ್ವಿಯೂ ಅದೇ ಚಿತ್ರದಲ್ಲಿ ಬಂದು ಮಾತಾಡುತ್ತಾನೆ. ಒಂದೇ ವೇಷಕ್ಕೆ ಇಬ್ಬರು. ಚಿತ್ರ ಚೆನ್ನಾಗಿದೆ, ಸನ್‌ಡಾನ್ಸ್ ಉತ್ಸವದ ಮುಖ್ಯ ಬಹುಮಾನವೂ ಬಂತು. ಆದರೂ ಸಿನಿಮಾದಲ್ಲಿ ಅವನ ಬದುಕು ಎಲ್ಲಿಗೋ ತಲಪುತ್ತದೆ. ಪುಸ್ತಕದಲ್ಲಿ ತಲಪುವುದಿಲ್ಲ, ನಾಳೆ ಮತ್ತೆ ಕೆಲಸಕ್ಕೆ ಹೋಗುತ್ತದೆ. 2010ರ ಜುಲೈಯಲ್ಲಿ ಪೀಕಾರ್ ತೀರಿಕೊಂಡ.

ಇದೆಲ್ಲ ದೂರದ ಅಮೆರಿಕದ ಕಥೆಯಾಯಿತು, ನಮಗೇನು ಎಂದು ಕೇಳುವವರಿಗೆ ಈ ವಾರ್ಷಿಕದ ಇನ್ನೊಂದು ಭಾಷೆಯ ಕಡೆ ಕೈ ತೋರಿಸಬೇಕು. ಪೀಕಾರನಿಗಿಂತ ಹದಿನೈದು ವರ್ಷ ಮೊದಲೇ, 1961ರಲ್ಲಿ, ಜಿ. ಅರವಿಂದನ್ ಅವರು 'ಮಾತೃಭೂಮಿ' ವಾರಪತ್ರಿಕೆಯ ಕೊನೆಯ ಪುಟದಲ್ಲಿ 'ಚೆರಿಯ ಮನುಷ್ಯರುಂ ವಲಿಯ ಲೋಕವುಂ' ಆರಂಭಿಸಿದ್ದರು; ಸಣ್ಣ ಮನುಷ್ಯರು ಮತ್ತು ದೊಡ್ಡ ಲೋಕ. 1973ರ ತನಕ ನಡೆಯಿತು. ಕೆಲಸ ಹುಡುಕುವ ಮಧ್ಯಮ ವರ್ಗದ ಹುಡುಗ ರಾಮು, ಅವನ ಜೊತೆಗೆ ಗುರೂಜಿ. ವರ್ಷಗಳು ಹೋದಂತೆ ರಾಮುವೂ ಬದಲಾಗುತ್ತ ಹೋಗುತ್ತಾನೆ. ಮುಂದೆ ದೊಡ್ಡ ಸಿನಿಮಾ ನಿರ್ದೇಶಕರೆನಿಸಿದ ಅರವಿಂದನ್ ಆಗ ರಬ್ಬರ್ ಬೋರ್ಡಿನ ನೌಕರರು. ಅವರದೂ ಸಂಬಳದ ಬದುಕು, ಅವರ ನಾಯಕನೂ ಹಾರದವನು. ವ್ಯತ್ಯಾಸವೆಂದರೆ ಅರವಿಂದನ್ ಅವರಿಗೆ ಒಂದು ದೊಡ್ಡ ವಾರಪತ್ರಿಕೆಯ ಪುಟ ಇತ್ತು, ಕಾಯುವ ಓದುಗರಿದ್ದರು. ಪೀಕಾರ್ ಪುಟವನ್ನೂ ತಾನೇ ಕೊಂಡುಕೊಳ್ಳಬೇಕಾಯಿತು. ಅರವಿಂದನ್ ವ್ಯಂಗ್ಯದಲ್ಲಿ ಸಂಯಮಿ, ಎರಡು ಮಾತಿನ ನಡುವೆ ಮೌನ ಬಿಡುವವರು. ಪೀಕಾರ್ ಮೌನಕ್ಕೆ ಹೆದರಿದವನ ಹಾಗೆ ಮಾತಾಡುತ್ತಾನೆ. ಕಲೆಯ ದೃಷ್ಟಿಯಿಂದ ನಾನು ಅರವಿಂದನ್ ಅವರನ್ನು ಮೇಲಿಡುತ್ತೇನೆ. ಆದರೆ ನಮ್ಮಂಥ ಸಣ್ಣ ಪತ್ರಿಕೆಯವರಿಗೆ ದಾರಿ ತೋರಿಸುವವನು ಪೀಕಾರನೇ. ನಮಗೆ ಯಾರೂ ಪುಟ ಬಿಟ್ಟುಕೊಡುವುದಿಲ್ಲ.

ಕನ್ನಡದಲ್ಲಿ ಇಂಥದು ಏಕೆ ಬರಲಿಲ್ಲ? ಚಿತ್ರಕಥೆಯೆಂದರೆ ನಮ್ಮಲ್ಲಿ ಪುರಾಣ. 1967ರಲ್ಲಿ 'ಅಮರ ಚಿತ್ರಕಥೆ' ಆರಂಭಿಸಿದ ಅನಂತ ಪೈಗಳು ನಮ್ಮ ನೆರೆಯ ಕಾರ್ಕಳದವರು. ಅವರ ಉಪಕಾರವನ್ನು ನಾನು ಮರೆಯುವವನಲ್ಲ. ಆದರೆ ದೇವರು, ರಾಜರು, ಸಂತರು ಚೌಕಗಳೊಳಗೆ ಬಂದದ್ದು ಸಾಕಷ್ಟಾಯಿತು. ಸಾಲಿನಲ್ಲಿ ನಿಂತವರು ಇನ್ನೂ ಬರಬೇಕು.

ನನ್ನ ಮಾತನ್ನೂ ಹೇಳಿ ಮುಗಿಸುತ್ತೇನೆ. ಆಫೀಸರ್ ಬಡ್ತಿಯನ್ನು ನಾನು ಎರಡು ಸಲ ಬೇಡವೆಂದೆ. ಒಪ್ಪಿದರೆ ವರ್ಗ, ಊರು ಬಿಡಬೇಕು. ಮನೆಯವರಿಗೆ ಹೇಳಿದ ಕಾರಣ ಅಮ್ಮನ ಪ್ರಾಯ. ನನಗೇ ಹೇಳಿಕೊಂಡ ಕಾರಣ ಸಾಹಿತ್ಯ. ಪೀಕಾರನನ್ನು ಓದಿದ ಮೇಲೆ ಆ ಎರಡನೆಯ ಕಾರಣದ ಲೆಕ್ಕ ತೆಗೆದು ನೋಡಿದೆ. ಇಪ್ಪತ್ತು ವರ್ಷಗಳಲ್ಲಿ ಏಳು ಪುಸ್ತಕ ಪರಿಚಯ, ಒಂದಷ್ಟು ಕವನ. ಕಪಾಟು ತುಂಬ ಕೊಂಡ ಪುಸ್ತಕಗಳು. ಅವನು ಬಡ್ತಿ ಬೇಡವೆಂದದ್ದಕ್ಕೆ ವರ್ಷಕ್ಕೊಂದು ಸಂಚಿಕೆಯ ಸಮಜಾಯಿಷಿ ಕೊಟ್ಟ. ನಾನು ಕೂಡಿಹಾಕುವವನಾಗಿಯೇ ಉಳಿದೆ.

ನನಗೆ ಒಂದು ನೆಪವೂ ಇತ್ತು. ನೌಕರಿಗೆ ಸೇರುವಾಗ ಗ್ರಾಹಕರ ವ್ಯವಹಾರ ಗುಟ್ಟಾಗಿಡುತ್ತೇನೆ ಎಂದು ಸಹಿ ಹಾಕಿದವನು ನಾನು. ಕೌಂಟರಿನ ಕಥೆ ಬರೆಯುವುದು ಹೇಗೆ? ಪೀಕಾರನ ಪುಟಗಳಲ್ಲಿ ಇದಕ್ಕೂ ಉತ್ತರವುಂಟು. ಅವನು ಎಲ್ಲರಿಗಿಂತ ಮೊದಲು ಬಯಲಿಗೆ ಇಟ್ಟದ್ದು ತನ್ನನ್ನು: ತನ್ನ ಜಿಪುಣತನ, ತನ್ನ ಸಿಟ್ಟು, ತನ್ನ ಭಯ. ಉಳಿದವರು ಅವನ ಬೆಳಕಿಗೆ ಬಂದಷ್ಟೇ ಕಾಣುತ್ತಾರೆ. ನಮ್ಮ ಕೌಂಟರಿನಲ್ಲಿ ದಾರ ಕಟ್ಟಿದ ಒಂದು ಪೆನ್ನು ಇದೆ. ದಿನವೂ ಜನ ಅದನ್ನು ಕೇಳುತ್ತಾರೆ. 'ಪೆನ್ನು ಉಂಟಾ' ಎಂದು ಒಬ್ಬರು, ತುಳುವಿನಲ್ಲಿ 'ಉಂಡಾ', ಮಲಯಾಳದಲ್ಲಿ 'ಉಂಡೋ', ಹವ್ಯಕರಲ್ಲಿ 'ಇದ್ದೋ', ಕೊಂಕಣಿಯಲ್ಲಿ 'ಆಸಾ'. ಎಲ್ಲರಿಗೂ ನಾನು ತಲೆ ಎತ್ತದೆ ದಾರದ ಕಡೆ ಬೆರಳು ತೋರಿಸುತ್ತೇನೆ. ಇದರಲ್ಲಿ ಯಾರ ಖಾತೆಯ ಗುಟ್ಟೂ ಇಲ್ಲ. ನನ್ನ ಬೆರಳು ಮಾತ್ರ ಇದೆ, ಎತ್ತದ ತಲೆ ಇದೆ.

ಕಳೆದ ತಿಂಗಳು ಹಣ ಹಿಂತೆಗೆಯುವ ಚೀಟಿಯ ಹಿಂಬದಿಯಲ್ಲಿ ಆರು ಚೌಕ ಗೀಚಿದೆ. ಐದರಲ್ಲಿ ಕೇಳುವವರು, ಆರನೆಯದರಲ್ಲಿ ದಾರ ಮಾತ್ರ, ಪೆನ್ನು ಇಲ್ಲ. ಕಡ್ಡಿಮನುಷ್ಯರು. ನನಗೂ ಚಿತ್ರ ಬರುವುದಿಲ್ಲ. ಅಚ್ಚಿನ ಖರ್ಚಿಗೆ ಈ ವರ್ಷ ಪುಸ್ತಕ ಕೊಳ್ಳದೆ ಉಳಿಸಿದ ಹಣ ಇದೆ. ಈ ವಾರ್ಷಿಕವನ್ನು ಎಡದಿಂದ ಕನ್ನಡದಲ್ಲೋ ಬಲದಿಂದ ಮಲಯಾಳದಲ್ಲೋ ಓದುವವರಲ್ಲಿ ಚಿತ್ರ ಬರೆಯಬಲ್ಲವರು ಯಾರಾದರೂ ಇದ್ದರೆ ಸಂಪಾದಕರಿಗೆ ಒಂದು ಕಾಗದ ಹಾಕಿ. ಪುಟಕ್ಕೆ ಇಷ್ಟು ಎಂದು ಸಂಭಾವನೆ ಕೊಡುತ್ತೇನೆ. ಹಕ್ಕಿನ ವಿಷಯವನ್ನು ಮೊದಲೇ ಮಾತಾಡಿಕೊಳ್ಳೋಣ.